ಸೇಬಿನ ಗಿಡಕ್ಕೆ ಮದ್ದು ಬಿಟ್ಟ ವಾರ

ನಾನು ಕುಡಿಯುವುದನ್ನು ಬಿಟ್ಟದ್ದನ್ನೂ ಸಿದ್ದಕಟ್ಟೆಯಲ್ಲಿ ಸೇಬು ಬೆಳೆಯಲು ಹೊರಟದ್ದನ್ನೂ ನಮ್ಮ ಊರಿನಲ್ಲಿ ಯಾರೂ ನಂಬಲಿಲ್ಲ. ಸೇಬಿನ ವಿಷಯದಲ್ಲಿ ನಂಬದವರ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಗಳದ ಸಿಮೆಂಟಿನ ಮೇಲೆ ಚಪ್ಪಲಿ ಇಲ್ಲದೆ ಕಾಲಿಟ್ಟವರಿಗೆ ಸೇಬು ಅಂದರೆ ನಗು ಬರುವುದು ನ್ಯಾಯವೇ. ಆದರೆ ಕುಡಿತದ ವಿಷಯದಲ್ಲಿ ನಂಬದೆ ಹೋದವಳು ನನ್ನ ಹೆಂಡತಿ. ಅದಕ್ಕೆ ಮಾತ್ರ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೆಲ್ಕಾರಿನಲ್ಲಿ ನನ್ನದೊಂದು ಅಂಗಡಿ ಇದೆ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಮೊದಲೆಲ್ಲ ಅಂಗಡಿಯ ಶಟರ್ ಎಳೆದ ಮೇಲೆ ನೇರ ಮನೆಗೆ ಬರುವ ಅಭ್ಯಾಸ ಇರಲಿಲ್ಲ. ಕುಡಿದು ಬಂದು ಬೈದವನಲ್ಲ, ಕೈ ಎತ್ತಿದವನಲ್ಲ. ದಾರಿಯಲ್ಲಿ ಎಲ್ಲಾದರೂ ಬೈಕಿನೊಂದಿಗೆ ಚರಂಡಿಗೆ ಬೀಳುತ್ತಿದ್ದೆ, ಅಷ್ಟೆ. ಆಮೇಲೆ ಒಂದು ದಿನ ಮೂಡುಬಿದಿರೆಯ ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ ನೋಡಿ, "ಇನ್ನು ನಿಮ್ಮ ಇಷ್ಟ ಮಾರಾಯ್ರೆ" ಎಂದರು. ಅವತ್ತೇ ಬಿಟ್ಟೆ. ಬಿಟ್ಟದ್ದು ಬಿಟ್ಟದ್ದೇ. ಮದುವೆ, ಸತ್ತವರ ಬೊಜ್ಜ, ಹೊಸ ಮನೆ ಒಕ್ಕಲು, ಯಾವುದರಲ್ಲೂ ಒಂದು ತೊಟ್ಟು ಮುಟ್ಟಲಿಲ್ಲ. ಹಾಗೆಂದು ಯಾರ ಹತ್ತಿರ ಹೇಳುವುದು? ನಾನು ಸಂಜೆ ಏಲಕ್ಕಿ ಜಗಿದು ಬಂದರೆ ಹೆಂಡತಿ, "ಎಂತ, ವಾಸನೆ ಅಡಗಿಸ್ಲಿಕ್ಕಾ?" ಎನ್ನುತ್ತಿದ್ದಳು. ಜಗಿಯದೆ ಬಂದರೆ, "ಇವತ್ತು ಧೈರ್ಯ ಜಾಸ್ತಿ ಉಂಟು" ಎನ್ನುತ್ತಿದ್ದಳು. ಬೇಗ ಬಂದರೆ ಬೆಳಿಗ್ಗೆಯೇ ಮುಗಿಸಿದ್ದೇನೆ ಎಂಬ ಅನುಮಾನ, ತಡವಾದರೆ ಕೇಳುವುದೇ ಬೇಡ.

ಎಲ್ಲದಕ್ಕೂ ಮೇಲೆ ಅವಳ ಅಣ್ಣನ ಉದಾಹರಣೆ. ನನ್ನ ಈ ಭಾವನದ್ದು ಬೆಳ್ತಂಗಡಿ ಕಡೆ ಅಡಿಕೆ, ರಬ್ಬರು. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮೈಲುತುತ್ತು ಸುಣ್ಣದ ಮದ್ದು ಬಿಡುವುದರಲ್ಲಿ ಎತ್ತಿದ ಕೈ. ಚಾ ಕೂಡ ಕುಡಿಯದ ಮನುಷ್ಯ. ಲಿಂಬೆ ಶರಬತ್ತು, ಅದೂ ಸ್ಟೀಲಿನ ಬಾಟಲಿಯಲ್ಲಿ ಮನೆಯಿಂದಲೇ ತಂದದ್ದು. "ನನ್ನ ಅಣ್ಣನನ್ನು ನೋಡಿ. ಮುಖದಲ್ಲಿ ಎಂತ ಕಳೆ!" ಎಂದು ಅವಳು ಹೇಳುವಾಗ ಭಾವ ತಲೆ ತಗ್ಗಿಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿ.

ಬಿಟ್ಟ ಮೇಲೆ ಸಂಜೆ ಬಹಳ ಉದ್ದವಾಯಿತು. ಹಾಗಿರುವಾಗ ಮಿಜಾರಿನ ಹತ್ತಿರ ನಡೆದ ಒಂದು ಕೃಷಿ ಮೇಳದಲ್ಲಿ ಸೇಬಿನ ಸಸಿ ಕಂಡಿತು. ಸೆಕೆಗೂ ಬರುವ ಜಾತಿ ಎಂದ ಮಾರುವವ. ತಂದು ನೆಟ್ಟೆ. ಗಿಡ ಬೆಳೆದದ್ದೇ ಬೆಳೆದದ್ದು. ಎಲೆ, ಎಲೆ, ಎಲೆ. ಹೂವಿನ ಸುದ್ದಿಯೇ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು: ಸೇಬಿನ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು, ಆಮೇಲೆ ಎಚ್ಚರವಾಗಿ ಹೂ ಬಿಡಬೇಕು. ನಮ್ಮಲ್ಲಿ ಚಳಿಯೇ ಇಲ್ಲವಲ್ಲ, ಅದು ಮಲಗುವುದೇ ಇಲ್ಲ. ಮಲಗದವನನ್ನು ಎಬ್ಬಿಸುವುದು ಹೇಗೆ?

ಇದಕ್ಕೆ ಉಪಾಯ ಹೇಳಿದ್ದು ನೆರೆಮನೆಯವರು. ನಿವೃತ್ತ ಬಸ್ ಡ್ರೈವರ್, ಯಾವುದಕ್ಕೂ ಇಲ್ಲ ಎನ್ನದ ಜನ. "ಚಳಿ ಬೇಕಾದರೆ ಚಳಿ ಕೊಡುವ ಮಾರಾಯ್ರೆ" ಎಂದು ಮೀನಿನ ಲಾರಿಯವರ ಹತ್ತಿರ ಮಾತಾಡಿ ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್ ತರಿಸಿದರು. ದಿನಾ ಬೆಳಿಗ್ಗೆ ಗಿಡದ ಬುಡಕ್ಕೆ ಐಸ್ ಸುರಿದೆವು. ಅದರಲ್ಲಿ ಬಂಗುಡೆಯ ಚೂರುಗಳೂ ಇದ್ದವು. ಗಿಡ ಮಲಗಲಿಲ್ಲ, ಆದರೆ ಊರಿನ ಬೆಕ್ಕುಗಳೆಲ್ಲ ಅದರ ಬುಡದಲ್ಲಿ ಬಂದು ಮಲಗಿದವು. ಹೆಂಡತಿ ಜಗಲಿಯಲ್ಲಿ ನಿಂತು, "ಕುಡಿಯದ ಮನುಷ್ಯ ಮಾಡುವ ಕೆಲಸವಾ ಇದು?" ಎಂದು ಕೇಳಿದಳು.

ಅಂಗಡಿಗೆ ಬರುವ ಒಬ್ಬ ಬೋರ್‌ವೆಲ್ ಲಾರಿಯವನಿದ್ದ. ವಿಜಯಪುರದ ಕಡೆಯವ, ಮನೆಯಲ್ಲಿ ದ್ರಾಕ್ಷಿ ತೋಟ. ಅವನ ಹತ್ತಿರ ನನ್ನ ಗಿಡದ ಕಷ್ಟ ಹೇಳಿಕೊಂಡೆ. ದ್ರಾಕ್ಷಿ ಬಳ್ಳಿ ಕತ್ತರಿಸಿದ ಮೇಲೆ ಚಿಗುರಿನ ಕಣ್ಣುಗಳು ಒಟ್ಟಿಗೆ ಒಡೆಯಲಿ ಎಂದು ಅವರು ಒಂದು ಔಷಧ ಹಚ್ಚುತ್ತಾರಂತೆ, ಸೇಬಿಗೂ ಅದನ್ನೇ ಬಿಡುತ್ತಾರಂತೆ. ಮುಂದಿನ ಸಲ ಬರುವಾಗ ಒಂದು ಸಣ್ಣ ಕ್ಯಾನ್ ತಂದುಕೊಟ್ಟ. ಕೊಡುವಾಗ ಕೈ ಬಿಡದೆ ಹಿಡಿದುಕೊಂಡೇ ಹೇಳಿದ: "ಎಲಿ ಎಲ್ಲಾ ಕಿತ್ತು, ಸ್ವಲ್ಪನ ಸ್ವಲ್ಪ ಹೊಡೀರಿ. ಜಾಸ್ತಿ ಆತಂದ್ರ ಕಣ್ಣ ಸುಟ್ಟ ಹೋಗ್ತಾವ. ಕೈಗೆ ಗ್ಲೌಸ್ ಹಾಕ್ರಿ. ಮತ್ತ ಒಂದ್ ವಾರ ಯಾರೂ ಕುಡೀಬ್ಯಾಡ್ರಿ. ಮೈಗೆ ಈ ಔಷಧ ತಾಗಿದಾವ ಕುಡದ್ರ ಮಾರಿ ಕೆಂಪಾಗಿ ಎದಿ ಡಬಡಬ ಹೊಡಕೋತೈತಿ. ನಮ್ಮೂರಾಗ ಈ ಔಷಧ ಹೊಡಿಯೋ ಟೈಮಿಗೆ ವೈನ್ ಶಾಪಿನಾವ ಕುಂತ ಅಳ್ತಾನ್ರಿ."

ಅವನನ್ನು ತಬ್ಬಿಕೊಳ್ಳುವಷ್ಟು ಖುಷಿ ನನಗೆ. ಹೂವಿಗಾಗಿ ಅಲ್ಲ. ಇದು ನನಗೆ ಬೇಕಾಗಿದ್ದ ಸಾಕ್ಷಿ ಎಂದು ಆ ಕ್ಷಣವೇ ಹೊಳೆಯಿತು. ಮೈ ತುಂಬ ಈ ಮದ್ದು ಬೀಳಿಸಿಕೊಂಡು ಒಂದು ವಾರ ಕೆಂಪಾಗದ ಮುಖದಲ್ಲಿ ಹೆಂಡತಿಯ ಎದುರು ಓಡಾಡಿದರೆ ಮುಗಿಯಿತಲ್ಲ!

ಮದ್ದು ಬಿಡುವುದಕ್ಕೆ ಭಾವ ಬೆಳ್ತಂಗಡಿಯಿಂದ ತಮ್ಮ ಪಂಪು, ಪೈಪು, ಗನ್ ಎಲ್ಲ ಜೀಪಿಗೆ ಹಾಕಿಕೊಂಡು ಬಂದರು. ನೆರೆಮನೆಯವರೂ ಬಂದರು. ನಾನು ಹೆಂಡತಿಗೆ ಕೇಳುವ ಹಾಗೆ, ಅಗತ್ಯಕ್ಕಿಂತ ಜೋರಾಗಿ, ಲಾರಿಯವನು ಹೇಳಿದ್ದನ್ನೆಲ್ಲ ಹೇಳಿದೆ. ನೆರೆಮನೆಯವರು "ಹೌದಾ!" ಎಂದು ಬಾಯಿ ತೆರೆದರು. ಭಾವ ಶರಬತ್ತಿನ ಬಾಟಲಿಯನ್ನು ಜಗಲಿಯ ದಂಡೆಯ ಮೇಲಿಟ್ಟು ನಕ್ಕರು.

"ನನಗೆ ಆ ಸಮಸ್ಯೆ ಇಲ್ಲ. ನಿಮ್ಮದು ನೀವು ನೋಡಿಕೊಳ್ಳಿ ಭಾವ."

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಒಳ್ಳೆದಾಯ್ತು. ಇನ್ನು ಒಂದು ವಾರ ನಾನು ನಿಮ್ಮ ಮುಖ ನೋಡ್ತೇನೆ" ಎಂದಳು. ಮದುವೆಯಾದ ಹೊಸತರಲ್ಲೂ ಅವಳು ಹಾಗೆ ಹೇಳಿದವಳಲ್ಲ.

ಸ್ವಲ್ಪವೇ ಸ್ವಲ್ಪ ಎಂದು ನಾನು ಎಷ್ಟು ಬಡಿದುಕೊಂಡರೂ ಭಾವ ಕೇಳಬೇಕಲ್ಲ. ಅಡಿಕೆಯವರಿಗೆ ಮದ್ದು ಅಂದರೆ ಡ್ರಮ್ಮಿನಲ್ಲೇ ಕಲಸಬೇಕು, ಗೊನೆಯಿಂದ ತೊಟ್ಟಿಕ್ಕುವಷ್ಟು ಬಿಡಬೇಕು. "ನೆನೆದು ಚಂಡಿ ಆಗದಿದ್ದರೆ ಅದೆಂತ ಮದ್ದು?" ಎಂದರು. ಕ್ಯಾನ್ ಪೂರ್ತಿ ಡ್ರಮ್ಮಿಗೆ ಸುರಿದು, ಅರುವತ್ತು ಅಡಿಯ ಅಡಿಕೆ ಮರಕ್ಕೆ ಹಾರಿಸುವ ಗನ್ನನ್ನು ನನ್ನ ತಲೆಗಿಂತ ಸ್ವಲ್ಪವೇ ಎತ್ತರದ, ಎಲೆ ಕಿತ್ತ ಬೋಳು ಗಿಡಕ್ಕೆ ಹಿಡಿದು ಪಂಪು ಚಾಲು ಮಾಡಿದರು. ಗಿಡ ಬಗ್ಗಿತು. ಅದನ್ನು ಹಿಡಿಯಲು ಹೋದ ನಾನು ಅಂಗಿ, ಲುಂಗಿ, ಮೀಸೆ ಸಮೇತ ತೊಯ್ದುಹೋದೆ. ಡ್ರಮ್ಮಿನಲ್ಲಿ ಕೋಲಾಡಿಸುತ್ತಿದ್ದ ನೆರೆಮನೆಯವರಿಗೂ ಬಿತ್ತು. ಗಾಳಿ ತಿರುಗಿದಾಗ ಭಾವನಿಗೂ ಬಿತ್ತು. ಪಕ್ಕದ ನುಗ್ಗೆ, ಪೇರಳೆ, ಹೆಂಡತಿಯ ಮಲ್ಲಿಗೆ, ಹಗ್ಗದ ಮೇಲಿದ್ದ ಬಟ್ಟೆ, ಎಲ್ಲದಕ್ಕೂ ಸಮಪಾಲು. ಹೆಂಡತಿಯ ಬೈಗುಳ ತೋಡಾರಿನವರೆಗೂ ಕೇಳಿರಬೇಕು. ಮೂವರೂ ಸೋಪು ಹಾಕಿ ಮಿಂದೆವು.

ಮರುದಿನ ಸಂಜೆ ನೆರೆಮನೆಯವರಲ್ಲಿ ಅಜ್ಜನೆಂದು ನಾವು ನಂಬುವ ದೈವಕ್ಕೆ ಅಗೆಲು, ಅಂದರೆ ಎಡೆ ಬಡಿಸುವ ಸೇವೆ, ಇತ್ತು. ಅವರ ದನ ಕಾಣೆಯಾಗಿದ್ದಾಗ ಅಜ್ಜನಿಗೆ ಹೇಳಿಕೊಂಡಿದ್ದರು, ದನ ಸಿಕ್ಕಿತ್ತು, ಹರಕೆ ಸಲ್ಲಿಸಬೇಕಿತ್ತು. ಎಲೆಯಲ್ಲಿ ಬಡಿಸಿ, ಚಕ್ಕುಲಿ, ವೀಳ್ಯ ಇಟ್ಟು, ಜೊತೆಗೆ ಅಜ್ಜನಿಗೆ ಪ್ರೀತಿಯ ಕಳ್ಳನ್ನೂ ಇಡುವುದು ಕ್ರಮ. ಆಮೇಲೆ ಅದನ್ನೇ ಗಂಡಸರಿಗೆ ಪ್ರಸಾದ ಎಂದು ಅಲ್ಲಿಯೇ ಕೊಡುತ್ತಾರೆ. ಮನೆಗೆ ತರುವ ಹಾಗಿಲ್ಲ, ಬೇಡ ಎನ್ನುವ ಹಾಗೂ ಇಲ್ಲ.

"ಲಾರಿಯವ ಹೇಳಿದ್ದು ನೆನಪುಂಟಲ್ಲ?" ಎಂದು ನಾನು ನೆರೆಮನೆಯವರ ಕಿವಿಯಲ್ಲಿ ಹೇಳಿದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅವ ಹೇಳಿದ್ದು ಕುಡಿಯುವವರಿಗೆ ಮಾರಾಯ್ರೆ. ಇದು ಕುಡಿಯುವುದಾ? ಇದು ಪ್ರಸಾದ ಅಲ್ವಾ? ಪ್ರಸಾದಕ್ಕೆ ಆ ದ್ರಾಕ್ಷಿ ಮದ್ದು ಎಂತ ಮಾಡ್ತದೆ?"

ಈ ವಾದಕ್ಕೆ ಎದುರಾಗಿ ಹೇಳುವ ಧೈರ್ಯ ಅಲ್ಲಿ ಯಾರಿಗಿತ್ತು? ಅವರು ಭಕ್ತಿಯಿಂದ ಒಮ್ಮೆ ತೆಗೆದುಕೊಂಡರು, ದನ ಗಬ್ಬ ಎಂಬ ಸಂತೋಷಕ್ಕೆ ಇನ್ನೊಮ್ಮೆ ತೆಗೆದುಕೊಂಡರು. ನನ್ನ ಅಂಗೈಗೂ ಬಿತ್ತು. ಕಣ್ಣಿಗೆ ಒತ್ತಿಕೊಂಡೆ, "ಅಜ್ಜ, ನನ್ನ ಸಂಸಾರದ ಪ್ರಶ್ನೆ, ಕ್ಷಮಿಸು" ಎಂದು ಮನಸ್ಸಿನಲ್ಲೇ ಹೇಳಿ ತೆಂಗಿನ ಬುಡಕ್ಕೆ ಬಿಟ್ಟೆ. ಭಾವ ರಾತ್ರಿ ನಮ್ಮಲ್ಲೇ ಉಳಿದಿದ್ದರೂ ಅಗೆಲಿಗೆ ಬಂದಿರಲಿಲ್ಲ. "ನಾನು ಅಂಥ ಕಡೆಗೆಲ್ಲ ಹೋಗುವವನಲ್ಲ" ಎಂದು ಹೇಳಿ ನಮ್ಮ ಜಗಲಿಯಲ್ಲಿ ಪೇಪರ್ ಹಿಡಿದು ಶರಬತ್ತು ಕುಡಿಯುತ್ತ ಕೂತಿದ್ದರು.

ಸ್ವಲ್ಪ ಹೊತ್ತಿನಲ್ಲಿ ನೆರೆಮನೆಯವರ ಮುಖ ಕೆಂಪಾಯಿತು. ಆಮೇಲೆ ಕಿವಿ, ಕುತ್ತಿಗೆ, ಎದೆ. ಕಣ್ಣು ಕೆಂಡ. ಉಸಿರು ಬುಸ್ ಬುಸ್ ಎಂದು ಬರತೊಡಗಿತು, ಕೈಕಾಲು ನಡುಗಿತು. ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜ ಮೈಮೇಲೆ ಬಂದರೆಂದು ಯಾರೋ ಒಬ್ಬರು ಕೈ ಮುಗಿದರು. ಆಮೇಲೆ ಎಲ್ಲರೂ ಕೈ ಮುಗಿದರು. ಒಬ್ಬ ಹಿರಿಯರು ಮುಂದೆ ಬಂದು, "ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಹೇಳಬೇಕು. ಏನು ಬೇಕು, ಅಪ್ಪಣೆಯಾಗಲಿ" ಎಂದು ಬೇಡಿಕೊಂಡರು.

ನೆರೆಮನೆಯವರು ಎದೆ ಹಿಡಿದುಕೊಂಡು ಕಷ್ಟಪಟ್ಟು ಒಂದೇ ಮಾತು ಹೇಳಿದರು. "ಮಜ್ಜಿಗೆ."

ಜನ ಗಾಬರಿಯಾದರು. ಅಜ್ಜ ಮಜ್ಜಿಗೆ ಕೇಳಿದ್ದು ಇತಿಹಾಸದಲ್ಲೇ ಇಲ್ಲ. ಹಾಗಾದರೆ ದೊಡ್ಡ ತಪ್ಪೇ ಆಗಿದೆ ಎಂದು ಇಬ್ಬರು ಮಜ್ಜಿಗೆಗೆ ಓಡಿದರು. "ಅದು ಅಜ್ಜ ಅಲ್ಲ, ಆಪಲಿನ ಮದ್ದು!" ಎಂದು ನಾನು ಕಿರುಚಿದೆ. ಆ ವಾಕ್ಯದ ತಲೆಬುಡ ಯಾರಿಗೂ ಅರ್ಥವಾಗಲಿಲ್ಲ. ಎಂಥ ಸಾವು ಮಾರಾಯ್ರೆ ಎಂದುಕೊಂಡು ನಮ್ಮ ಹಳೆ ಕಾರು ತರಲು ಮನೆಗೆ ಓಡಿದೆ.

ಮನೆಯಲ್ಲಿ ನೋಡಿದರೆ ಇನ್ನೊಂದು ಅವಸ್ಥೆ. ಜಗಲಿಯ ಕುರ್ಚಿಯಲ್ಲಿ ಭಾವ ಒರಗಿದ್ದಾರೆ. ಮುಖ ಕೆಂಪು, ಕಿವಿ ಕೆಂಪು, ಉಸಿರು ಬುಸ್ ಬುಸ್. ಹೆಂಡತಿ ಪೇಪರಿನಿಂದ ಗಾಳಿ ಹಾಕುತ್ತ ಅಳುತ್ತಿದ್ದಾಳೆ. "ಅಣ್ಣನಿಗೆ ಹಾರ್ಟು! ಬೇಗ ಕಾರು ತೆಗೀರಿ!"

ನನಗೆ ಎಲ್ಲ ಗೊತ್ತಾಯಿತು. ಆ ಸ್ಟೀಲಿನ ಬಾಟಲಿಯನ್ನು ಮೂಸಿ ನೋಡುವ ಅಗತ್ಯವೂ ಬೀಳಲಿಲ್ಲ. ಆದರೆ ಅಳುತ್ತಿರುವ ತಂಗಿಯ ಎದುರು ಅದನ್ನು ಹೇಳುವ ಹೊತ್ತು ಅದಲ್ಲ. ಎದೆ ಹಿಡಿದುಕೊಂಡ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಹೆಂಡತಿಯನ್ನು ಮುಂದೆ ಕೂರಿಸಿ ಮೂಡುಬಿದಿರೆಗೆ ಬಿಟ್ಟೆ. ಹಿಂದಿನವರಲ್ಲಿ ಒಬ್ಬರ ತೊಡೆಯ ಮೇಲೆ ಮಜ್ಜಿಗೆಯ ತಂಬಿಗೆ ಇತ್ತು. ಅದನ್ನು ಯಾರು ಯಾವಾಗ ಇಟ್ಟರೋ ಗೊತ್ತಿಲ್ಲ.

ಡಾಕ್ಟರಿಗೆ ಮದ್ದಿನ ವಿಷಯ ಹೇಳಿದೆ. ಅವರು ಇಬ್ಬರ ನಾಡಿ, ಬಿಪಿ ನೋಡಿ ಪಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು.

"ಎಂತ ಕುಡಿದದ್ದು?"

"ಪ್ರಸಾದ" ಎಂದರು ನೆರೆಮನೆಯವರು.

"ನೀವು?"

"ಲಿಂಬೆ ಶರಬತ್ತು" ಎಂದರು ಭಾವ, ಗೋಡೆಯ ಕಡೆ ನೋಡುತ್ತ.

ಡಾಕ್ಟರು ಭಾವನ ಬಾಯಿಯ ಹತ್ತಿರ ಬಗ್ಗಿ ಮೇಲೆದ್ದರು. "ಅದರಲ್ಲಿ ಲಿಂಬೆ ಎಷ್ಟು, ಬೇರೆಯದು ಎಷ್ಟು?"

ಭಾವ ಕಣ್ಣು ಮುಚ್ಚಿದರು. ಹೆಂಡತಿ ಮಂಚದ ಕಾಲಿನ ಹತ್ತಿರ ಕೈಯಲ್ಲಿ ಪೇಪರ್ ಹಿಡಿದು ಹಾಗೇ ನಿಂತಿದ್ದಳು. ಗಾಳಿ ಹಾಕುವುದು ನಿಂತಿತ್ತು. ಆಮೇಲೆ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದಳು. ಟ್ಯೂಬ್‌ಲೈಟಿನ ಕೆಳಗೆ ನನ್ನದು ಸಾಧಾರಣ ಮುಖ, ಗೋಧಿ ಬಣ್ಣ. ಇಂಥ ಹೊತ್ತಿಗಾಗಿ ನಾನು ನಾಲ್ಕು ವರ್ಷ ಕಾದಿದ್ದೆ. ನಗು ತಡೆಯಲಾಗಲಿಲ್ಲ.

"ನಿಮಗೆ ಮದ್ದು ತಾಗಲೇ ಇಲ್ಲ" ಎಂದಳು ಅವಳು. "ದೂರ ನಿಂತು ಹುಕುಂ ಮಾಡಿದ್ದು ನೀವು."

ಅಯ್ಯೋ ಶಿವನೇ! ನನ್ನ ಸಿಟ್ಟು ನೆತ್ತಿಗೇರಿತು. "ಲುಂಗಿ ಹಿಂಡಿದ್ದು ಯಾರು? ನೀನೇ ಅಲ್ವಾ?" ಎಂದು ಬೊಬ್ಬೆ ಹಾಕಿದೆ. ನರ್ಸ್ ಬಾಗಿಲಲ್ಲಿ ಇಣುಕಿದರು. ಆಗ ಮಂಚದಿಂದ ಭಾವನ ಸ್ವರ ಬಂತು, ಸಣ್ಣಗೆ. "ಸುಮ್ಮನೆ ಹೇಳಬಾರದು. ನಮ್ಮಿಬ್ಬರಿಂದ ಹೆಚ್ಚು ಚಂಡಿ ಆದದ್ದು ನಿನ್ನ ಗಂಡನೇ."

ನೆರೆಮನೆಯವರೂ ಮಲಗಿದಲ್ಲಿಂದಲೇ ಕೈ ಎತ್ತಿ ಹೌದು ಎಂದರು. ಹೆಂಡತಿ ಕೈಯಲ್ಲಿದ್ದ ಪೇಪರನ್ನು ಮಡಚಿ ಮಂಚದ ಮೇಲಿಟ್ಟಳು. ಉಸಿರು ಸರಿಯಾದ ಮೇಲೆ ಇಬ್ಬರನ್ನೂ ಮನೆಗೆ ಕರೆದುಕೊಂಡು ಬಂದೆವು.

ಈ ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಮರುದಿನದಿಂದ ಗಂಡಸರು ನಮ್ಮ ಬೇಲಿಯ ಪಕ್ಕದ ಕಾಲುದಾರಿ ಬಿಟ್ಟು ಗದ್ದೆಯ ಬದುವಿನಲ್ಲಿ ಸುತ್ತು ಹಾಕಿ ಹೋಗತೊಡಗಿದರು. ಗಿಡದ ಗಾಳಿ ತಾಗಿದರೂ ಮುಖ ಕೆಂಪಾಗುತ್ತದಂತೆ. ಹೆಂಗಸರು ಮಾತ್ರ ಒಬ್ಬೊಬ್ಬರಾಗಿ ಬಂದು, "ಇನ್ನೊಮ್ಮೆ ಮದ್ದು ಬಿಡುವಾಗ ನಮ್ಮವರನ್ನೂ ಕರೆಯಿರಿ, ಸಂಬಳ ಬೇಡ" ಎಂದು ಹೇಳಿ ಹೋದರು. ಒಬ್ಬ ಹೆಂಗಸು ಗಂಡನ ಅಂಗಿಯನ್ನೇ ತಂದಿದ್ದಳು, ಗಿಡದ ಮೇಲೆ ಒಣಗಿಸಲು.

ಅಷ್ಟೊಂದು ಮದ್ದು ಕುಡಿದ ಗಿಡ ಮೊದಲು ಸತ್ತೇ ಹೋಯಿತೆಂದು ಕಂಡಿತು. ಗೆಲ್ಲುಗಳ ತುದಿ ಕರಟಿತು. ನುಗ್ಗೆ ಎಲೆ ಉದುರಿಸಿತು, ಮಲ್ಲಿಗೆ ಬೋಳಾಯಿತು. ಆದರೆ ಮದ್ದು ಹೇಗೋ ಕಡಿಮೆ ಬಿದ್ದ ಒಂದು ಬದಿಯ ಗೆಲ್ಲುಗಳಲ್ಲಿ ಕಣ್ಣುಗಳು ಉಬ್ಬಿದವು, ಒಡೆದವು. ಒಂದು ಬೆಳಿಗ್ಗೆ ಹೊರಗೆ ಬಂದರೆ ಬಿಳಿ ಹೂ, ಅಂಚಿನಲ್ಲಿ ತೆಳು ಗುಲಾಬಿ. ಅರ್ಧ ಗಿಡ ಸುಟ್ಟ ಕಟ್ಟಿಗೆ, ಅರ್ಧ ಗಿಡ ಮದುಮಗಳು. ಸಿದ್ದಕಟ್ಟೆಯಲ್ಲಿ ಸೇಬು ಹೂ ಬಿಟ್ಟಿತ್ತು. ನನಗೆ ನಿಜವಾಗಿ ಕಣ್ಣು ತುಂಬಿತು.

ಕಾಯಿ ಕಟ್ಟಿ ಉದುರಲು ಶುರುವಾದಾಗ ಭಾವ ತಲೆ ತಗ್ಗಿಸಿಕೊಂಡು ಇನ್ನೊಂದು ಬಾಟಲಿ ತಂದರು, ಕಾಯಿ ನಿಲ್ಲುವ ಹಾರ್ಮೋನು. ನೀರಿಗೆ ಕೆಲವು ತೊಟ್ಟು ಸಾಕು. ಭಾವನ ಕೈ ಮತ್ತೆ ಅಡಿಕೆಯ ಕೈಯೇ. ಕಡಿಮೆಯಾದರೆ ಕಾಯಿ ನಿಲ್ಲಿಸುವ ಆ ಮದ್ದು ಜಾಸ್ತಿಯಾದರೆ ಅದೇ ಕಾಯಿಗಳನ್ನು ಉದುರಿಸುತ್ತದಂತೆ. ಎಲೆಗಳು ಮುರುಟಿದವು, ಕಾಯಿಗಳು ಪಟಪಟ ಬಿದ್ದವು. ಉಳಿದ ಕೆಲವಕ್ಕೆ ನೆರೆಮನೆಯವರು ನನ್ನನ್ನು ಕೇಳದೆ, ದ್ರಾಕ್ಷಿ ದಪ್ಪವಾಗುವ ಇನ್ನೊಂದು ಹಾರ್ಮೋನನ್ನು ಎಲ್ಲಿಂದಲೋ ತಂದು ಬಿಟ್ಟರು. ಕಾಯಿ ದಪ್ಪವಾಗಲಿಲ್ಲ, ಉದ್ದವಾಯಿತು. ನೋಡಲು ಬಂದವರು ಇದೆಂತ, ನೀರು ಪೇರಳೆಯಾ ಎಂದು ಕೇಳಿದರು.

ಇಷ್ಟೆಲ್ಲ ಆಗುವಾಗಲೂ ಹೆಂಡತಿ ಆ ಸಂಜೆಯ ಬಗ್ಗೆ ಒಂದು ಮಾತು ಆಡಲಿಲ್ಲ. ಅನ್ನ ಬಡಿಸುತ್ತಾಳೆ, ಸಾರು ಬಡಿಸುತ್ತಾಳೆ, ಮುಖ ಗಂಟು. ಏಲಕ್ಕಿಯ ಬಗ್ಗೆ ಕೇಳುವುದೂ ನಿಂತಿತು. ಗೆದ್ದವನು ನಾನು, ಆದರೆ ಗೆದ್ದ ಹಾಗೆ ಯಾರೂ ನಡೆಸಿಕೊಳ್ಳಲಿಲ್ಲ.

ಮಳೆ ಶುರುವಾಗುವ ಮುಂಚೆ ಮೊದಲ ಹಣ್ಣು ಕೊಯ್ದೆ. ಉದ್ದ ಮೂತಿ, ಒಂದು ಕೆನ್ನೆ ಮಾತ್ರ ಕೆಂಪು. ಅಡುಗೆಮನೆಯಲ್ಲಿ ಅವಳೇ ಹೆಚ್ಚಿದಳು. ಒಂದು ಹೋಳು ಬಾಯಿಗಿಟ್ಟೆ. ಹುಳಿ, ಆದರೆ ಸೇಬೇ. ನನಗೆ ತಡೆಯಲಾಗಲಿಲ್ಲ.

"ಇನ್ನಾದರೂ ನಂಬ್ತೀಯಾ?"

"ಅವತ್ತೇ ನಂಬಿದ್ದೇನೆ" ಎಂದಳು. ಚೂರಿ ಕೆಳಗಿಟ್ಟಳು. "ಅದಕ್ಕೇ ನನಗೆ ಸಿಟ್ಟು."

"ನಂಬಿದ್ದಕ್ಕೆ ಸಿಟ್ಟಾ? ಎಂತ ಮಾರಾಯ್ತಿ ಇದು?"

"ನಾಲ್ಕು ವರ್ಷ ನೀವು ಸರಿ ಇದ್ರಿ. ನಾಲ್ಕು ವರ್ಷ ನಾನು ದಿನಾ ಸಂಜೆ ಹೆದರಿ ಕೂತಿದ್ದೆ. ಬೈಕಿನ ಶಬ್ದ ತಿರುವಿನಲ್ಲಿ ಕೇಳಿದ ಕೂಡಲೇ ಹೊಟ್ಟೆಯೊಳಗೆ ಕಲಸ್ತಿತ್ತು. ಹೆದರ್ಲಿಕ್ಕೆ ಎಂತದ್ದೂ ಇರಲಿಲ್ಲ ಅಂತ ಈಗ ಗೊತ್ತಾಯ್ತು. ನನಗೆ ಗೊತ್ತಾದರೆ ಸಾಕಾ? ಹೊಟ್ಟೆಗೆ ಗೊತ್ತಾಗ್ಬೇಡ್ವಾ? ನಿನ್ನೆಯೂ ಕಲಸಿತು."

ಆಡಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟ ಮಾತುಗಳಲ್ಲಿ ಒಂದೂ ಪ್ರಯೋಜನಕ್ಕೆ ಬರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ದುಃಖವೂ ಆಯಿತು.

ಮರುದಿನ ತಿರುವಿನಲ್ಲೇ ಇಂಜಿನ್ ಆಫ್ ಮಾಡಿ ಬೈಕನ್ನು ನೂಕಿಕೊಂಡು ಮನೆಗೆ ಬಂದೆ. ಅವಳು ಬೆಚ್ಚಿಬಿದ್ದು, "ಕಳ್ಳನ ಹಾಗೆ ಯಾಕೆ ಬರ್ತೀರಿ? ಶಬ್ದ ಇಲ್ಲದಿದ್ದರೆ ಇನ್ನೂ ಹೆದರಿಕೆ" ಎಂದಳು. ಅದೂ ಸರಿಯೇ.

ಹಾಗಾಗಿ ಈಗ ನಾನು ಅಂಗಡಿಯ ಶಟರ್ ಎಳೆದು, ಬೈಕಿನ ಪಕ್ಕ ನಿಂತು ಮೊದಲು ಮನೆಗೆ ಫೋನ್ ಮಾಡುತ್ತೇನೆ. ಎಷ್ಟು ಮೋಟಾರು ಬಂತು, ಯಾವುದು ಸುಟ್ಟಿತ್ತು, ಯಾರು ಜಗಳಕ್ಕೆ ಬಂದರು, ಎಲ್ಲವನ್ನೂ ನಿಧಾನವಾಗಿ, ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಕೇಳುವ ಹಾಗೆ ಹೇಳುತ್ತೇನೆ. ಹೋಗಿಬರುವವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಆ ಕಡೆಯಿಂದ ಅವಳು ನಡುವೆ ಏನನ್ನೂ ಕೇಳುವುದಿಲ್ಲ, ತೊದಲುತ್ತದಾ ಎಂದು ನನ್ನ ನಾಲಿಗೆಯನ್ನು ಕೇಳಿಸಿಕೊಳ್ಳುತ್ತಾಳೆ ಅಷ್ಟೆ. ಕೆಲವು ದಿನ ಬೇಗ, ಕೆಲವು ದಿನ ತಡವಾಗಿ, "ಆಯ್ತು, ಬನ್ನಿ" ಎನ್ನುತ್ತಾಳೆ. ಅವಳು ಹಾಗೆ ಹೇಳಿದ ಮೇಲೆಯೇ ನಾನು ಬೈಕ್ ಹತ್ತುವುದು.